ಪಾಲಿಸಿಯಲ್ಲಿ ಏನಿಲ್ಲ ಎಂಬುದನ್ನು ಮೊದಲು ಓದಿ

2025ರ ಮೇ ತಿಂಗಳ ಮಳೆಗೆ ಬೆಂಗಳೂರಿನ ಬಿಟಿಎಂ ಲೇಔಟ್ ಜಲಾವೃತವಾಯಿತು. ಅಂಥ ನೀರಿನಲ್ಲಿ ಮುಳುಗಿದ ಕಾರಿಗೆ ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ ಮಾಲೀಕರಿಗೆ ಬಿಡಿಗಾಸೂ ಸಿಗದು. ಸಮಗ್ರ ಪಾಲಿಸಿಯಲ್ಲಿ ಪ್ರವಾಹದ ಹಾನಿಗೆ ಪರಿಹಾರವುಂಟು. ಆದರೆ ನೀರು ಹೊಕ್ಕ ಗಾಡಿಯನ್ನು ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಕೆಟ್ಟರೆ, ಅದು ನಿಮ್ಮಿಂದಾದ ಹಾನಿ ಎಂದು ಕಂಪನಿ ಕೈತೊಳೆದುಕೊಳ್ಳಬಹುದು. ಎಂಜಿನ್ ರಕ್ಷಣೆಯ ಆ್ಯಡ್-ಆನ್ ಬೇರೆಯಾಗಿಯೇ ಕೊಳ್ಳಬೇಕು.

ಆರೋಗ್ಯ ವಿಮೆಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಸಾಮಾನ್ಯವಾಗಿ ಹಣವಿಲ್ಲ. ಕಣ್ಣಿನ ಪೊರೆ, ಹರ್ನಿಯಾ ಮುಂತಾದವಕ್ಕೂ ಕಾಯಬೇಕಾದ ಅವಧಿ ಇರುತ್ತದೆ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿಗೆ 2024ರ ನಿಯಮದಂತೆ 36 ತಿಂಗಳಿಗಿಂತ ಹೆಚ್ಚು ಕಾಯಿಸುವಂತಿಲ್ಲ. ಆದರೆ ಅರ್ಜಿಯಲ್ಲಿ ಅದನ್ನು ಮುಚ್ಚಿಡಬೇಡಿ. ಕೊಠಡಿ ಬಾಡಿಗೆಗೆ ಮಿತಿಯಿದ್ದು ನೀವು ದುಬಾರಿ ಕೊಠಡಿ ಹಿಡಿದರೆ, ಬಿಲ್ಲಿನ ಇತರ ಬಾಬ್ತುಗಳಲ್ಲೂ ಕಡಿತವಾಗಬಹುದು.

ಹಾಗೆಂದು ಕಂಪನಿ ಹೊರಗಿಟ್ಟದ್ದೆಲ್ಲ ಅಂತಿಮವಲ್ಲ. ಬೇಸ್‌ಮೆಂಟ್‌ನಲ್ಲಿದ್ದ ಅಂಗಡಿಯನ್ನು ಪರಿಶೀಲಿಸಿಯೇ ವಿಮೆ ಕೊಟ್ಟಿದ್ದ ಕಂಪನಿಯೊಂದು, ಬೆಂಕಿ ಬಿದ್ದ ಮೇಲೆ 'ಬೇಸ್‌ಮೆಂಟ್‌ಗೆ ರಕ್ಷಣೆಯಿಲ್ಲ' ಎಂಬ ಷರತ್ತು ತೋರಿಸಿತು. ಟೆಕ್ಸ್‌ಕೋ ಮಾರ್ಕೆಟಿಂಗ್ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಒಪ್ಪಂದದ ಉದ್ದೇಶವನ್ನೇ ಕೆಡಿಸುವ ಷರತ್ತು ನಿಲ್ಲದು. ಷರತ್ತು ಅನ್ವಯಿಸುತ್ತದೆಂದು ಸಾಬೀತುಪಡಿಸುವ ಹೊಣೆಯೂ ಕಂಪನಿಯದೇ. ಗ್ರಾಹಕನಿಗೆ ತಿಳಿಸದ ಷರತ್ತಿನ ನೆಪದಲ್ಲಿ ಕ್ಲೇಮ್ ನಿರಾಕರಿಸುವಂತಿಲ್ಲವೆಂದು 2019ರ ಭಾರತ್ ವಾಚ್ ಕಂಪನಿ ಪ್ರಕರಣದಲ್ಲೂ ಅದೇ ನ್ಯಾಯಾಲಯ ಹೇಳಿತ್ತು.

ಕ್ಲೇಮ್ ತಿರಸ್ಕೃತವಾದರೆ ಹೀಗೆ ಮಾಡಿ:

1. ಯಾವ ಷರತ್ತಿನಡಿ ನಿರಾಕರಿಸಿದ್ದಾರೆಂದು ಲಿಖಿತವಾಗಿ ಪಡೆಯಿರಿ.
2. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರಹದಲ್ಲಿ ದೂರು ಕೊಡಿ.
3. ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಿ. ಕರ್ನಾಟಕದ ಕಚೇರಿ ಜೆ.ಪಿ. ನಗರ 1ನೇ ಹಂತದ 24ನೇ ಮುಖ್ಯರಸ್ತೆಯ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ. 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರವಿದೆ.
4. ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷ ಅವಕಾಶವುಂಟು. ಅಲ್ಲಿ ಪ್ರಕರಣ ದಾಖಲಾದ ಮೇಲೆ ಓಂಬುಡ್ಸ್‌ಮನ್ ಅದೇ ದೂರು ಸ್ವೀಕರಿಸುವುದಿಲ್ಲ.

ಹೊಸ ಆರೋಗ್ಯ ಅಥವಾ ಜೀವ ವಿಮೆ ಪಾಲಿಸಿ ಕೈಸೇರಿದ 30 ದಿನದೊಳಗೆ, ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸಬಹುದು. ಏಜೆಂಟರ ಬಾಯಿಮಾತು ನಂಬಿ ಕೂರದೆ, ಆ ಗಡುವಿನೊಳಗೆ ಹೊರಗಿಟ್ಟ ವಿಷಯಗಳ ಪಟ್ಟಿಯನ್ನು ಪೂರ್ತಿ ಓದಿ.