ವನ್ಯಜೀವಿ ಸಂರಕ್ಷಣಾ ಸಂಸ್ಥೆಗಳ ಹಣಕಾಸು ನಿರ್ವಹಣೆ: ವರ್ತಕರಿಗೊಂದು ಪಾಠ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ವ್ಯಾಪಾರವು ಬಹುಮಟ್ಟಿಗೆ ತಂಬಾಕು, ಭತ್ತ, ರಾಗಿ ಮತ್ತು ಮುಸುಕಿನ ಜೋಳವನ್ನು ಅವಲಂಬಿಸಿದೆ. ಕಾಡಂಚಿನ ಹೊಲಕ್ಕೆ ಆನೆ ನುಗ್ಗಿದರೆ ರೈತನ ನಷ್ಟವು ಗೊಬ್ಬರದಂಗಡಿಯ ಉದ್ರಿ ಪುಸ್ತಕದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಸಂರಕ್ಷಣೆಯ ಹಣವು ಎಲ್ಲಿಂದ ಬಂದು ಹೇಗೆ ವೆಚ್ಚವಾಗುತ್ತದೆ ಎಂಬುದನ್ನು ವರ್ತಕರು ಅರಿಯುವುದು ಅವಶ್ಯ.

ಹಣದ ಮೂಲಗಳು

ನಾಗರಹೊಳೆಯು 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಿತವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ಸೇರಿದ 38ಎಕ್ಸ್ ಪ್ರಕರಣವು ಹುಲಿ ಸಂರಕ್ಷಣಾ ಪ್ರತಿಷ್ಠಾನಗಳಿಗೆ ಅವಕಾಶ ನೀಡಿತು. ಪ್ರವಾಸಿಗರ ಪ್ರವೇಶ ಶುಲ್ಕವನ್ನು ಅದೇ ಅರಣ್ಯದ ಕಾರ್ಯಗಳಿಗೆ ಮರಳಿ ಬಳಸುವುದು ಇವುಗಳ ಉದ್ದೇಶಗಳಲ್ಲೊಂದು.

ಇನ್ನೊಂದು ವರ್ಗ ಖಾಸಗಿ ಸಂಸ್ಥೆಗಳದು. 1984ರಲ್ಲಿ ಸ್ಥಾಪಿತವಾದ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆಯು 2015ರಲ್ಲಿ ನಾಗರಹೊಳೆ ಮತ್ತು ಬಂಡೀಪುರದ ಸುತ್ತಲಿನ ಗ್ರಾಮಗಳಿಗಾಗಿ ‘ವೈಲ್ಡ್ ಸೇವೆ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ರೈತನು ದೂರವಾಣಿ ಕರೆ ಮಾಡಿದರೆ ಸಿಬ್ಬಂದಿ ಸ್ಥಳಕ್ಕೆ ಬಂದು, ನಷ್ಟವನ್ನು ದಾಖಲಿಸಿ, ಪರಿಹಾರದ ಅರ್ಜಿ ಸಲ್ಲಿಸಲು ನೆರವಾಗುತ್ತಾರೆ. ಪರಿಹಾರದ ಹಣ ಸರ್ಕಾರದ್ದು. ಇಂತಹ ಕೆಲಸದಲ್ಲಿ ಸಂಸ್ಥೆಗೆ ತಗಲುವ ಮುಖ್ಯ ವೆಚ್ಚವೆಂದರೆ ಸಿಬ್ಬಂದಿಯ ವೇತನ ಮತ್ತು ಓಡಾಟ. ಇಲ್ಲಿ ವೇತನವೇ ಸೇವೆಯೆಂಬುದನ್ನು ದಾನಿಗಳು ಮರೆಯಬಾರದು.

ವಿದೇಶಿ ದೇಣಿಗೆಯ ನಿಯಮಗಳೂ ಕಠಿಣವಾಗಿವೆ. 2020ರ ತಿದ್ದುಪಡಿಯು ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು. ಪಡೆದ ಹಣವನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಿತು.

ಒಂದು ಕಾಲ್ಪನಿಕ ಉದಾಹರಣೆ

ಒಂದು ಟ್ರಸ್ಟಿಗೆ 10 ಲಕ್ಷ ರೂಪಾಯಿ ಅನುದಾನ ಬಂದಿದೆ ಎಂದು ಭಾವಿಸೋಣ: ಸೌರ ಬೇಲಿಗೆ 6 ಲಕ್ಷ, ಶಾಲಾ ಮಕ್ಕಳ ಪರಿಸರ ಶಿಕ್ಷಣಕ್ಕೆ 4 ಲಕ್ಷ. ಮಾರ್ಚ್ 31ರ ವೇಳೆಗೆ ಬೇಲಿಗೆ 4.5 ಲಕ್ಷ ವೆಚ್ಚವಾಗಿದೆ. ಶಿಕ್ಷಣದ ಹಣ ಪೂರ್ಣ ಮುಗಿದಿದ್ದು, ಆ ವಿಭಾಗದ ಸಿಬ್ಬಂದಿಗೆ 60,000 ರೂಪಾಯಿ ವೇತನ ಬಾಕಿಯಿದೆ. ಬ್ಯಾಂಕಿನಲ್ಲಿ 1.5 ಲಕ್ಷ ರೂಪಾಯಿ ಇದೆ.

ಅಂಗಡಿಯ ಮಾಲೀಕನಾದರೆ ಇದರಿಂದಲೇ ವೇತನ ಕೊಟ್ಟಾನು, ಹಣ ಅವನದು. ಟ್ರಸ್ಟಿಗೆ ಆ ಸ್ವಾತಂತ್ರ್ಯವಿಲ್ಲ. ವೆಚ್ಚವಾಗದ ಉದ್ದೇಶಿತ ಅನುದಾನವು ಲಾಭವಲ್ಲ, ಹೊಣೆ. ವೇತನವನ್ನು ಸಾಮಾನ್ಯ ನಿಧಿಯಿಂದ ಕೊಡಬೇಕು, ಇಲ್ಲವೇ ದಾನಿಯ ಲಿಖಿತ ಅನುಮತಿ ಪಡೆಯಬೇಕು. ಬೇಲಿಯ ಹಣವನ್ನು ಸದ್ದಿಲ್ಲದೆ ತಿರುಗಿಸಿದರೆ ಹಣ ಬಳಕೆಯ ಪ್ರಮಾಣಪತ್ರವು ಸುಳ್ಳಾಗುತ್ತದೆ; ಮುಂದಿನ ಕಂತು ನಿಲ್ಲಬಹುದು. ಬೇಲಿಯೂ ಅರ್ಧಕ್ಕೆ ನಿಲ್ಲುತ್ತದೆ. ಲೆಕ್ಕದಲ್ಲಿ ಬಿಟ್ಟ ಆ ಸಂದಿನಿಂದಲೇ ಆನೆ ಹೊಲಕ್ಕೆ ಇಳಿಯುತ್ತದೆ.

ವರ್ತಕರು ಗಮನಿಸಬೇಕಾದ ಅಂಶಗಳು

1. ತಂತಿ, ಕಂಬ, ಬ್ಯಾಟರಿ ಮುಂತಾದುವನ್ನು ಪೂರೈಸುವ ಮುನ್ನ ಲಿಖಿತ ಖರೀದಿ ಆದೇಶ ಪಡೆಯಬೇಕು. ಬಿಲ್ಲಿನಲ್ಲಿ ಯೋಜನೆಯ ಹೆಸರು ಇರಬೇಕು. ದಿನಾಂಕವು ಅನುದಾನದ ಅವಧಿಯೊಳಗಿರಬೇಕು. ಇವಿಲ್ಲದಿದ್ದರೆ ಹಣವಿದ್ದರೂ ಪಾವತಿ ತಡವಾಗುತ್ತದೆ.

2. ಅನುದಾನ ಕಂತುಗಳಲ್ಲಿ ಬರುವುದರಿಂದ ಪಾವತಿಯ ದಿನವನ್ನು ಮೊದಲೇ ನಿಗದಿಪಡಿಸಿಕೊಳ್ಳಬೇಕು. ನೋಂದಾಯಿತ ಸಣ್ಣ ತಯಾರಕರಿಗೆ 2006ರ ಕಾಯ್ದೆಯಂತೆ ಒಪ್ಪಂದದ ಅವಧಿಯು 45 ದಿನಗಳನ್ನು ಮೀರುವಂತಿಲ್ಲ.

3. ದಾನವನ್ನು ಚೆಕ್ಕಿನ ಮೂಲಕ ನೀಡುವುದು ಲೇಸು. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ 2017ರ ತಿದ್ದುಪಡಿಯ ನಂತರ ಆದಾಯ ತೆರಿಗೆಯ ಕಡಿತ ದೊರೆಯುವುದಿಲ್ಲ.

4. ಸಾಧ್ಯವಾದರೆ ದಾನದ ಒಂದು ಭಾಗವನ್ನು ಯಾವುದೇ ಷರತ್ತಿಲ್ಲದೆ ಸಾಮಾನ್ಯ ನಿಧಿಗೆ ನೀಡಬೇಕು. ಮೇಲಿನ ಉದಾಹರಣೆಯ ಟ್ರಸ್ಟಿಗೆ ಕೊರತೆಯಾದದ್ದು ಆ 60,000 ರೂಪಾಯಿ ಮಾತ್ರ.

ಹುಲಿಯ ಹೆಸರಿನಲ್ಲಿ ಹಣ ಕೊಡುವವರು ಅನೇಕರು, ಗುಮಾಸ್ತನ ಸಂಬಳಕ್ಕೆ ಕೊಡುವವರು ವಿರಳ. ಆದರೆ ಲೆಕ್ಕ ಬರೆಯುವವನಿಲ್ಲದ ಸಂಸ್ಥೆಯು ಹೆಚ್ಚು ಕಾಲ ಕಾಡನ್ನೂ ಕಾಯಲಾರದು, ಕಾಡಂಚಿನ ರೈತನನ್ನೂ ಕಾಯಲಾರದು.