ಮೆಂತೆ ಕಾಳಿನ ಲೆಕ್ಕ

ಕಳೆದ ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ನನ್ನ ಕ್ರಾಸ್ ಸ್ಟಿಚ್ ಸಾಮಾನನ್ನೆಲ್ಲ ಇಳಿಸಿ ಪಡಸಾಲೆಯಲ್ಲಿ ಚಾಪೆಯ ಮೇಲೆ ಹರವಿದೆ. ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷ ದುಡಿದವಳು ನಾನು, ಅದರಲ್ಲಿ ಹೆಚ್ಚಿನ ಕಾಲ ಸಾಲ ವಿಭಾಗದಲ್ಲಿ. ಅಂಗಡಿಕಾರರಿಗೆ ಕ್ಯಾಶ್ ಕ್ರೆಡಿಟ್ ಕೊಟ್ಟರೆ ಅವರು ತಿಂಗಳಿಗೊಮ್ಮೆ ದಾಸ್ತಾನು ಪಟ್ಟಿ ಕೊಡಬೇಕು, ನಾವು ಆಗಾಗ ಗೋದಾಮಿಗೆ ಹೋಗಿ ತಾಳೆ ನೋಡಬೇಕು. ಮೂಲೆಯಲ್ಲಿ ಧೂಳು ತಿನ್ನುತ್ತ ಕೂತ ಮಾಲು ಕಂಡರೆ ವರದಿಯಲ್ಲಿ 'ಚಲನೆ ಇಲ್ಲದ ದಾಸ್ತಾನು' ಎಂದು ಬರೆದು ಅದರ ಬೆಲೆಯನ್ನು ಲೆಕ್ಕದಿಂದ ಹೊಡೆದುಹಾಕುತ್ತಿದ್ದೆವು. ಎಷ್ಟೋ ವ್ಯಾಪಾರಿಗಳು ಆ ಒಂದು ಸಾಲಿಗಾಗಿ ನನ್ನ ಮೇಲೆ ಮುನಿಸಿಕೊಂಡಿದ್ದುಂಟು.

ಅಂಥವಳ ಮನೆಯ ಚಾಪೆಯ ಮೇಲೆ ಅವತ್ತು ಏನೇನಿತ್ತು ಹೇಳುತ್ತೇನೆ. ದಾರದ ಲಡಿ 214. ಐದು ಮೀಟರು ಬಟ್ಟೆ. ಕಿಟ್ ಏಳು, ಅದರಲ್ಲಿ ಐದರ ಪ್ಲಾಸ್ಟಿಕ್ ಕೂಡ ಹರಿದಿಲ್ಲ. ಕೊಂಡ ಬೆಲೆಯಲ್ಲಿ ಕೂಡಿಸಿದರೆ ₹14,140. ಇದಲ್ಲದೆ ಸ್ಟೀಲ್ ಟ್ರಂಕಿನಲ್ಲಿ ಹಳೇ ಸೀರೆಯೊಳಗೆ ಸುತ್ತಿಟ್ಟ, ಹೊಲಿದು ಮುಗಿದ ಒಂಬತ್ತು ಚಿತ್ರಗಳು. ನವಿಲು, ಗೋಪುರ, ತೇರು, ಎರಡು ಗಣಪತಿ. ಒಂದಕ್ಕೂ ಫ್ರೇಮ್ ಇಲ್ಲ. ಅವಕ್ಕೆ ಏನು ಬೆಲೆ ಕಟ್ಟಬೇಕೆಂದು ತಿಳಿಯದೆ ಆ ಸಾಲನ್ನು ಖಾಲಿ ಬಿಟ್ಟೆ.

ಅವ್ವ ಕುರ್ಚಿಯ ಮೇಲೆ ಕೂತು ನೋಡುತ್ತಿದ್ದಳು. "ಗೋಡಿಗೆ ಹಾಕಾಕಂತ ಹೊಲೀತಾರ. ಟ್ರಂಕಿನ್ಯಾಗ ಇಡಾಕ ಇಷ್ಟ್ ಕಣ್ಣ್ ಯಾಕ ಕಳಕೊಂಡಿ?" ಎಂದಳು.

ಉತ್ತರ ಹುಡುಕುತ್ತ ಹೋದರೆ ಅದು ಸಿಕ್ಕಿದ್ದು ಹಳೆಯ ಒಂದು ಬಿಲ್ಲಿನಲ್ಲಿ.

ನನ್ನ ಮೊದಲ ದೊಡ್ಡ ಚಿತ್ರ ತುಳಸಿಕಟ್ಟೆ. 140 ಮನೆ ಅಗಲ, 140 ಮನೆ ಎತ್ತರ. ಹದಿನಾಲ್ಕು ಕೌಂಟಿನ ಐದಾ ಬಟ್ಟೆ, ಎಂದರೆ ಇಂಚಿಗೆ ಹದಿನಾಲ್ಕು ಚೌಕ. ಚಿತ್ರದ ಅಳತೆ ಹತ್ತು ಇಂಚು ಚೌಕ. ಕೇಳಲಿಕ್ಕೆ ಸಣ್ಣದು, ಹೊಲಿಗೆ ಎಣಿಸಿದರೆ 19,600. ನನ್ನ ಕೈ ಗಂಟೆಗೆ ನೂರಿಪ್ಪತ್ತು ಹೊಲಿಗೆಗಿಂತ ಹೆಚ್ಚು ಓಡುವುದಿಲ್ಲ, ಅಲ್ಲಿಗೆ 163 ಗಂಟೆ. ದಾರಕ್ಕೆ ₹648, ಬಟ್ಟೆ ಸೂಜಿ ಎಲ್ಲ ಸೇರಿ ₹840ರ ಒಳಗೇ ಮುಗಿದಿತ್ತು. ಎಷ್ಟು ಅಗ್ಗದ ಹವ್ಯಾಸ ಎಂದು ಎದುರು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಆಮೇಲೆ ಅದನ್ನು ಸುತ್ತಿಕೊಂಡು ಫ್ರೇಮ್ ಅಂಗಡಿಗೆ ಹೋದೆ. ಅವನು ಟೇಪು ಹಿಡಿದು ಅಳೆದ, ಸುತ್ತ ಎರಡಿಂಚು ಮೌಂಟು, ಕಟ್ಟಿಗೆಯ ಪಟ್ಟಿ, ಗಾಜು ಎಂದು ಕ್ಯಾಲ್ಕುಲೇಟರ್ ಒತ್ತಿ ನನ್ನ ಕಡೆ ತಿರುಗಿಸಿದ: 1,850.

"ಏನ್ರಿ ಇದು, ದೇವರ ಫೋಟೋಕ್ಕ ನಾನೂರು ತಗೋತೀರಿ?"

"ಅಕ್ಕಾರ, ದೇವರ ಫೋಟೋ ಕಾಗದರಿ. ಇದು ಬಟ್ಟಿ. ಇದಕ್ಕ ಉಸಿರಾಡಾಕ ಜಾಗಾ ಬೇಕ್ರಿ."

ಅವನ ಮಾತು ಅವತ್ತು ನನಗೆ ವ್ಯಾಪಾರಿಯ ಮಾತಿನಂತೆ ಕೇಳಿಸಿತು. ₹840ರ ವಸ್ತುವಿಗೆ ಅದರ ಎರಡು ಪಟ್ಟು ಮೀರಿದ ಚೌಕಟ್ಟೇ? ಕುದುರೆಗಿಂತ ಜೀನು ಭಾರವಾಯಿತಲ್ಲ ಎಂದುಕೊಂಡು ಎದ್ದು ಬಂದೆ. ಎರಡು ರಸ್ತೆ ಆಚೆ ಇನ್ನೊಬ್ಬ ₹450ಕ್ಕೆ ಒಪ್ಪಿದ. ರಟ್ಟಿಗೆ ಫೆವಿಕಾಲ್ ಸವರಿ, ಬಟ್ಟೆ ಅಂಟಿಸಿ, ಮೇಲೆ ಗಾಜು ಒತ್ತಿ ಮೊಳೆ ಹೊಡೆದು ಅರ್ಧ ಗಂಟೆಯಲ್ಲಿ ಕೈಗಿಟ್ಟ. ಮನೆಗೆ ತಂದು ಪಡಸಾಲೆಯ ಪಶ್ಚಿಮದ ಗೋಡೆಗೆ ಹಾಕಿದೆ. ಹೊರಗಿನ ಮಳೆಯ ಇರಚಲೆಲ್ಲ ಹೊಡೆಯುವುದು ಅದೇ ಗೋಡೆಗೆ.

ಧಾರವಾಡದ ಮಳೆ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಿಡದು. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ತುಳಸಿಕಟ್ಟೆಯ ಬುಡದಲ್ಲಿ ಸಾಸಿವೆಯಂಥ ಕಪ್ಪು ಚುಕ್ಕೆಗಳು, ಅಂಟು ದಪ್ಪವಾಗಿ ಬಿದ್ದ ಕಡೆಯೆಲ್ಲ ಚಹಾ ಚೆಲ್ಲಿದಂಥ ಕಂದು ಕಲೆ. ಗಾಜು ಬಟ್ಟೆಗೆ ತಾಗಿಕೊಂಡಿದ್ದರಿಂದ ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಬಿಚ್ಚಿ ತೊಳೆಯೋಣವೆಂದರೆ ಬಟ್ಟೆ ರಟ್ಟಿಗೆ ಕಚ್ಚಿ ಕೂತಿದೆ, ಎಳೆದರೆ ಹರಿಯುತ್ತದೆ. ₹1,400 ಉಳಿಸಲು ಹೋಗಿ 163 ಗಂಟೆ ಕಳೆದುಕೊಂಡೆ. ಆ ಸಂಕಟಕ್ಕೆ ಆಮೇಲೆ ಹೊಲಿದ ಯಾವುದನ್ನೂ ಫ್ರೇಮಿಗೆ ಕೊಡಲಿಲ್ಲ. ದುಬಾರಿಯದಕ್ಕೆ ಮನಸ್ಸಿಲ್ಲ, ಅಗ್ಗದ್ದಕ್ಕೆ ಧೈರ್ಯವಿಲ್ಲ. ಟ್ರಂಕು ತುಂಬಿದ್ದು ಹೀಗೆ.

ಅವ್ವನ ಕೋಣೆಯಲ್ಲಿ ಮಾತ್ರ ಅವಳು ಮದುವೆಗೆ ಮುಂಚೆ ಮ್ಯಾಟಿ ಬಟ್ಟೆಯ ಮೇಲೆ ಹಾಕಿದ ಜೋಡಿ ಗಿಳಿ ಇವತ್ತಿಗೂ ಹಸಿರಾಗಿಯೇ ಇದೆ. ಹಳೆಯ ಮನೆಗಳಲ್ಲಿ ನೀವೂ ನೋಡಿರುತ್ತೀರಿ, ಬಾಗಿಲ ಮೇಲೆ 'ಸುಸ್ವಾಗತ', ಅತ್ತ ಇತ್ತ ಎರಡು ಗಿಳಿ ಅಥವಾ ಹಂಸ. ಹುಡುಗಿ ನೋಡಲು ಬಂದವರಿಗೆ ಅವಲಕ್ಕಿಯ ಜೊತೆ ತೋರಿಸುತ್ತಿದ್ದ ಸರ್ಟಿಫಿಕೇಟು ಅದು. ಅವ್ವನ ಗಿಳಿ ಉಳಿದದ್ದಕ್ಕೆ ಕಾರಣ ನೋಡಲೆಂದು ಫ್ರೇಮನ್ನು ಹಿಂದಿನಿಂದ ಬಿಚ್ಚಿದೆ. ಅಂಟಿನ ಸುಳಿವೇ ಇಲ್ಲ. ಬಟ್ಟೆಯ ಅಂಚನ್ನು ಹಲಗೆಯ ಹಿಂದಕ್ಕೆ ಮಡಚಿ, ಗೋಣಿದಾರದಲ್ಲಿ ಅತ್ತಿಂದಿತ್ತ ಎಳೆದು, ಹೊರಸು ಹೆಣೆದಂತೆ ಹೆಣೆದಿದ್ದಾರೆ. ಗಾಜಿಗೂ ಬಟ್ಟೆಗೂ ನಡುವೆ ತೆಳು ಕಟ್ಟಿಗೆಯ ಪಟ್ಟಿ. ತೂಗುಹಾಕಿದ್ದು ಬಿಸಿಲು ಬೀಳದ ಒಳಗೋಡೆಗೆ. ಮೊದಲ ಅಂಗಡಿಯವನು ಹೇಳಿದ್ದು ಇದನ್ನೇ.

ಇನ್ನು ದಾರದ ವಿಷಯ. ಇಲ್ಲಿ ದುಡ್ಡು ಸೋರುವುದು ಕಣ್ಣಿಗೆ ಕಾಣುವುದಿಲ್ಲ. ಆ್ಯಂಕರ್ ಆಗಲಿ ಡಿಎಂಸಿ ಆಗಲಿ, ಒಂದು ಲಡಿಯಲ್ಲಿ ಎಂಟು ಮೀಟರು, ಆರು ಎಳೆ. ಹದಿನಾಲ್ಕು ಕೌಂಟಿಗೆ ಎರಡೆರಡು ಎಳೆ ಬಿಡಿಸಿ ಹೊಲಿದರೆ ಒಂದು ಲಡಿ ಇಪ್ಪತ್ನಾಲ್ಕು ಮೀಟರಾಗುತ್ತದೆ. ಶುರುವಿಗೆ ತುದಿಗೆ ಹಾಳಾಗುವುದನ್ನು ಬಿಟ್ಟರೂ ಸುಮಾರು 1,800 ಹೊಲಿಗೆ ಬೀಳುತ್ತವೆ. ಅಂದರೆ ನನ್ನ ತುಳಸಿಕಟ್ಟೆಗೆ ನಿಜವಾಗಿ ಬೇಕಾದದ್ದು ಹನ್ನೊಂದು ಲಡಿ. ಕೊಂಡದ್ದು ಮೂವತ್ತಾರು, ಯಾಕೆಂದರೆ ಮಾದರಿಯಲ್ಲಿ ಮೂವತ್ತೆರಡು ಬಣ್ಣವಿತ್ತು. ಗೂಡಿನಲ್ಲಿಟ್ಟ ದೀಪದ ಕುಡಿಗೆ ಮೂರು ಬಗೆಯ ಹಳದಿ! ಅದರಲ್ಲೊಂದನ್ನು ಹದಿನೇಳು ಹೊಲಿಗೆಗೆ ಬಳಸಿ ಉಳಿದ ಲಡಿಯನ್ನು ಡಬ್ಬಿಗೆ ಹಾಕಿದ್ದೆ. ಮುಂದಿನ ಮಾದರಿಗೆ ಬೇಕಾದ ಹಳದಿ ಬೇರೆಯದೇ ನಂಬರಿನದು. ಮಾದರಿಗಳಲ್ಲಿ ಹೆಚ್ಚಾಗಿ ಡಿಎಂಸಿ ನಂಬರು ಇರುತ್ತದೆ, ನಮ್ಮ ಸುಭಾಸ ರೋಡಿನ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಆ್ಯಂಕರ್. ಡಿಎಂಸಿ 310 ಎಂದರೂ ಕಪ್ಪೇ, ಆ್ಯಂಕರ್ 403 ಎಂದರೂ ಕಪ್ಪೇ. ಕಪ್ಪಿಗೆ ತೊಂದರೆಯಿಲ್ಲ. ನಸುಗೆಂಪು, ತಿಳಿಹಸಿರಿಗೆ ಬಂದಾಗ ಹೊಂದಿಕೆ ಪಟ್ಟಿಯನ್ನು ನಂಬದೆ ಆಮದು ದಾರವನ್ನೇ ತರಿಸಿದೆ. ಇಲ್ಲಿ ಲಡಿಗೆ ₹18 ಕೊಟ್ಟರೆ ಅದಕ್ಕೆ ₹60 ಕೊಟ್ಟೆ. ಹಾಗೆ ಸೇರಿದ್ದು ಅರವತ್ನಾಲ್ಕು ಲಡಿ. ಗೋಡೆಯಿಂದ ಆರಡಿ ದೂರ ನಿಂತು ನೋಡುವವರಿಗೆ ಆ ಎರಡು ನಸುಗೆಂಪಿನ ಅಂತರ ಗೊತ್ತಾಗುವುದಿಲ್ಲ. ನನಗೂ ಗೊತ್ತಾಗಲಿಲ್ಲ.

ಕಿಟ್‌ಗಳ ಕಥೆ ಹೇಳಲು ನಾಚಿಕೆ. ಏಳೂ ರಾತ್ರಿ ಹನ್ನೊಂದರ ಮೇಲೆ, ಮೊಬೈಲಿನಲ್ಲಿ, ರಿಯಾಯಿತಿಯಲ್ಲಿ ಕೊಂಡವು.

ಆ ದೀಪಾವಳಿಯ ಪಂಚನಾಮೆಯ ಮೇಲೆ ನಾನು ಲೆಕ್ಕವನ್ನು ತಿರುವಿ ಹಾಕಿದೆ. ಮೊದಲೆಲ್ಲ ಚಿತ್ರ ಇಷ್ಟವಾಯಿತು, ದಾರ ತಂದೆ, ಹೊಲಿದೆ, ಆಮೇಲೆ ಫ್ರೇಮಿನ ಚಿಂತೆ. ಈಗ ಶುರು ಗೋಡೆಯಿಂದ. ಎಲ್ಲಿ ಹಾಕುವುದು, ಅಲ್ಲಿಗೆ ಎಷ್ಟು ದೊಡ್ಡದು ಒಪ್ಪುತ್ತದೆ, ಆ ಅಳತೆಯ ಸಿದ್ಧ ಫ್ರೇಮ್ ಪೇಟೆಯಲ್ಲಿ ಇದೆಯೇ. ಫೋಟೋ ಹಾಕುವ ಎಂಟು-ಹತ್ತು ಇಂಚಿನ ಫ್ರೇಮು ಯಾವ ಊರಿನಲ್ಲೂ ಸಿಗುತ್ತದೆ, ನನಗೆ ₹380ಕ್ಕೆ ಸಿಕ್ಕಿತು. ಸುತ್ತ ಒಂದೊಂದು ಇಂಚು ಖಾಲಿ ಬಿಟ್ಟರೆ ಚಿತ್ರಕ್ಕೆ ಉಳಿಯುವುದು ಆರು-ಎಂಟು ಇಂಚು. ಹದಿನಾಲ್ಕರಿಂದ ಗುಣಿಸಿ: 84 ಮನೆ, 112 ಮನೆ. ಮಾದರಿ ಇದರೊಳಗೆ ಕೂತರೆ ಹೊಲಿಯುತ್ತೇನೆ, ಇಲ್ಲದಿದ್ದರೆ ಎಷ್ಟೇ ಚಂದವಿದ್ದರೂ ಕೈಮುಗಿದು ಬಿಡುತ್ತೇನೆ. ಹತ್ತಿಂಚು ಚೌಕದ ತುಳಸಿಕಟ್ಟೆ ಅಷ್ಟು ದುಬಾರಿಯಾದದ್ದಕ್ಕೆ ಇನ್ನೊಂದು ಕಾರಣ ಅದರ ಅಳತೆಯೇ. ಅದಕ್ಕೆ ಹೊಂದುವ ಸಿದ್ಧ ಫ್ರೇಮ್ ಎಲ್ಲೂ ಇರಲಿಲ್ಲ, ಮಾಡಿಸಲೇಬೇಕಿತ್ತು.

ಬಟ್ಟೆ ಎಳೆದು ಕೂರಿಸುವ ಕೆಲಸವನ್ನು ಅವ್ವನ ಗಿಳಿ ನೋಡಿ ನಾನೇ ಕಲಿತೆ. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ದಪ್ಪ ಟವೆಲಿನ ಮೇಲೆ ಬೋರಲು ಹಾಕಿ ಹಿಂದಿನಿಂದ ಇಸ್ತ್ರಿ. ಮುಂದಿನಿಂದ ಮಾಡಿದರೆ ಹೊಲಿಗೆ ಚಪ್ಪಟೆಯಾಗಿ ಸತ್ತಂತೆ ಕಾಣುತ್ತದೆ. ಆಮೇಲೆ ಫೋಮ್ ಬೋರ್ಡಿನ ತುಂಡಿಗೆ ಸುತ್ತಿ ಹಿಂದೆ ದಾರ ಹೆಣೆಯುವುದು, ಒಂದು ಗಂಟೆಯ ಕೆಲಸ, ಬೋರ್ಡಿಗೆ ₹60. ಪಡಸಾಲೆಗೆ ಹಾಕುವುದಾದರೆ ಗಾಜು ತೆಗೆದೇ ಬಿಡುತ್ತೇನೆ. ಹತ್ತಿಯ ದಾರ, ಧೂಳು ಕೂತರೆ ಬಿಚ್ಚಿ ಮತ್ತೆ ತೊಳೆದರಾಯಿತು. ಅಡುಗೆಮನೆಯ ಹತ್ತಿರವಾದರೆ ಮಾತ್ರ ಗಾಜು ಬೇಕು. ಒಗ್ಗರಣೆಯ ಹೊಗೆಗೆ ಯಾವ ಬಟ್ಟೆಯೂ ಬಾಳುವುದಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಮಗಳ ಕಷ್ಟ ಬೇರೆ, ಗೋಡೆಗೆ ಮೊಳೆ ಹೊಡೆಯಲು ಮಾಲೀಕರು ಬಿಡುವುದಿಲ್ಲ. ಹೊಲಿಯಲು ಬಳಸಿದ ಕಟ್ಟಿಗೆಯ ರಿಂಗಿನಲ್ಲೇ ಚಿತ್ರವನ್ನು ಬಿಟ್ಟು, ಹಿಂದಿನ ಬಟ್ಟೆ ಕತ್ತರಿಸಿ ಒಳಸೇರಿಸಿ, ಅಂಟುವ ಕೊಕ್ಕೆಗೆ ತೂಗುಹಾಕಿದ್ದಾಳೆ. ಹಗುರ, ಖರ್ಚು ₹100 ದಾಟಿಲ್ಲ.

84-112 ಮನೆಯ ಚಿತ್ರಕ್ಕೆ 9,408 ಹೊಲಿಗೆ, ನನ್ನ ಲೆಕ್ಕದಲ್ಲಿ 78 ಗಂಟೆ. ದಾರ ಹೇಗೂ ಡಬ್ಬಿಯಲ್ಲಿದೆ. ಹೊಸದಾಗಿ ಕೈಬಿಟ್ಟು ಹೋಗುವುದು ₹440. ಗಂಟೆಗೆ ಆರು ರೂಪಾಯಿಯೂ ಆಗದ ಖುಷಿ ಬೇರೆಲ್ಲಿ ಸಿಗುತ್ತದೆ? ಮೊದಲ ಅಂಗಡಿಯವನ ₹1,850 ಕೊಟ್ಟಿದ್ದರೂ ತುಳಸಿಕಟ್ಟೆ ಗಂಟೆಗೆ ಹದಿನೇಳರ ಒಳಗೇ ಬೀಳುತ್ತಿತ್ತು. ಆಗ ನಾನು ಫ್ರೇಮನ್ನು ದಾರದ ಜೊತೆ ತೂಗಿದೆ, ಗಂಟೆಗಳ ಜೊತೆ ತೂಗಲಿಲ್ಲ.

ಈ ಹವ್ಯಾಸವನ್ನೇ ಆದಾಯ ಮಾಡಿಕೊಳ್ಳುವ ಆಸೆಯೂ ಒಮ್ಮೆ ಬಂದಿತ್ತು. ಎದುರುಮನೆಯವರು ನೆಂಟರ ಗೃಹಪ್ರವೇಶಕ್ಕೆ ಒಂದು ಗಣಪತಿ ಹೊಲಿದುಕೊಡಿ, ಎಂಟುನೂರು ಕೊಡುತ್ತೇನೆ ಎಂದರು. ಫ್ರೇಮು ಬೋರ್ಡು ಕಳೆದರೆ ₹360. ಗಂಟೆಗೆ ಐದು ರೂಪಾಯಿಯೂ ಇಲ್ಲ. ನಗುತ್ತ ಬೇಡವೆಂದೆ, ಆದರೆ ಆ ಲೆಕ್ಕ ಹಾಕಿದ ಮೇಲೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ, ಕಸೂತಿ ಹಾಕುವವರು ನೆನಪಾದರು. ಕ್ರಾಸ್ ಸ್ಟಿಚ್ಚು ನಮಗೇನು ಹೊಸದಲ್ಲ. ನಮ್ಮ ಕಡೆಯ ಕಸೂತಿಯ ನಾಲ್ಕು ಹೊಲಿಗೆ, ಗವಂತಿ, ಮುರಗಿ, ನೇಯ್ಗಿ, ಮೆಂತೆ. ಕೊನೆಯದು ಇದೇ ಗುಣಿಸು ಗುರುತಿನ ಹೊಲಿಗೆ, ಬಟ್ಟೆಯ ಮೇಲೆ ಮೆಂತೆ ಕಾಳು ಚೆಲ್ಲಿದಂತೆ ಕಾಣುತ್ತದೆಂದು ಆ ಹೆಸರು. ಐದಾದಲ್ಲಿ ಚೌಕ ಎದ್ದು ಕಾಣುತ್ತದೆ. ಕಸೂತಿಯವರು ಇಳಕಲ್ ಸೀರೆಯ ಎಳೆಯನ್ನೇ ಒಂದೊಂದಾಗಿ ಎಣಿಸಬೇಕು, ಕೆಳಗೆ ಗೆರೆ ಎಳೆದುಕೊಳ್ಳುವಂತಿಲ್ಲ, ಗಂಟು ಹಾಕುವಂತಿಲ್ಲ. ಆ ಸೀರೆ ಕೊಳ್ಳಲು ಹೋದಾಗಲೆಲ್ಲ ನಾನು ಐನೂರು ಇಳಿಸಿ, ಸಾವಿರ ಇಳಿಸಿ ಎಂದು ಚೌಕಾಸಿ ಮಾಡಿದವಳೇ, ಇಳಿಸಿಕೊಂಡು ಬಂದು ಅಕ್ಕಪಕ್ಕದವರಿಗೆ ಹೇಳಿಕೊಂಡವಳೇ. ಈಗ ಸೆರಗು ತಿರುವಿ ಹಿಂಬದಿ ನೋಡುತ್ತೇನೆ, ಹೇಳಿದ ಬೆಲೆಗೆ ಕೊಳ್ಳುತ್ತೇನೆ, ಇಲ್ಲದಿದ್ದರೆ ಇಟ್ಟು ಬರುತ್ತೇನೆ. ಇದರಿಂದ ಈವರೆಗೆ ನನಗೆ ಎರಡು ಸೀರೆ ಕಡಿಮೆ ಬಂದವು.

ಟ್ರಂಕಿನ ಒಂಬತ್ತರಲ್ಲಿ ಐದಕ್ಕೆ ಈಗ ಗೋಡೆ ಸಿಕ್ಕಿದೆ. ಒಂದು ದೊಡ್ಡ ತೇರನ್ನು ಆ ಮೊದಲ ಅಂಗಡಿಗೇ ಒಯ್ದೆ. ಅವನ ಮಗ ಕೂತಿದ್ದ, ₹2,600 ಹೇಳಿದ, ಎಣಿಸಿ ಕೊಟ್ಟೆ. ಕಿಟ್‌ಗಳಲ್ಲಿ ನಾಲ್ಕನ್ನು ಹವ್ಯಾಸವಿರುವ ಇಬ್ಬರಿಗೆ ಕೊಂಡದ್ದರ ಅರ್ಧ ಬೆಲೆಗೆ ಕೊಟ್ಟು ಕೈತೊಳೆದುಕೊಂಡೆ. ಉಳಿದ ದಾರ ಮುಗಿಯುವ ತನಕ ಹೊಸ ಲಡಿ ತರುವುದಿಲ್ಲವೆಂದು ಅವ್ವನೆದುರು ಮಾತು ಕೊಟ್ಟದ್ದನ್ನು ಒಮ್ಮೆ ಮಾತ್ರ ಮುರಿದಿದ್ದೇನೆ, ಬಿಳಿ ದಾರಕ್ಕೆ. ಬಿಳಿ ಎಲ್ಲರ ಮನೆಯಲ್ಲೂ ಮೊದಲು ಮುಗಿಯುತ್ತದೆ.

ಪಡಸಾಲೆಯ ಒಳಗೋಡೆಗೆ ಈಗ ಎಂಟು-ಹತ್ತರ ಒಂದು ಖಾಲಿ ಫ್ರೇಮ್ ತೂಗುಬಿದ್ದಿದೆ. ಮುಂದಿನ ಚಿತ್ರದ್ದು. ಫ್ರೇಮಿನ ದುಡ್ಡು ಮೊದಲೇ ಕೊಟ್ಟು ಗೋಡೆಗೆ ಹಾಕಿಬಿಟ್ಟರೆ ನಡುವೆ ಬಿಟ್ಟು ಬೇರೆಯದು ಶುರು ಮಾಡಲು ಮುಖ ಬರುವುದಿಲ್ಲ. ಕೆಲಸಕ್ಕೆ ಬರುವ ಹುಡುಗಿ ಅದನ್ನು ದಿನಾ ಒರೆಸುತ್ತಾಳೆ. "ಇದರಾಗ ಯಾರದ್ ಫೋಟೋ ಹಾಕ್ತೀರಿ ಅಕ್ಕಾರ?" ಎಂದು ಮೊನ್ನೆ ಕೇಳಿದಳು. ಗೋಪುರ, ಇನ್ನೂ ಕಳಸಕ್ಕೆ ಬಂದಿಲ್ಲ ಎಂದೆ. 3,100 ಹೊಲಿಗೆ ಆಗಿದೆ.