ಹೊಸ ಬೈಕಿನ ಟಕಟಕ ಸದ್ದು

ಬೈಕ್ ಕಂಪನಿ ಖರ್ಚಿಗೆ ಕತ್ತರಿ ಹಾಕಿದರೆ ಅದು ಮೊದಲು ಬೀಳುವುದು ಕಣ್ಣಿಗೆ ಕಾಣದ ಕಡೆ. ಕ್ಯಾಮ್‌ಶಾಫ್ಟ್, ರಾಕರ್ ಆರ್ಮ್‌ಗಳ ಉಕ್ಕನ್ನು ಸರಿಯಾಗಿ ಹದ ಮಾಡದಿದ್ದರೆ ಮೇಲುಪದರ ಬೇಗ ಸವೆದು ಸಣ್ಣ ಗುಳಿಗಳು ಬಿದ್ದು ಸದ್ದು ಶುರುವಾಗುತ್ತದೆ. ಎಂಜಿನ್ ಹೆಡ್ಡಿನಿಂದ ಟಕಟಕ ಸದ್ದು ಬಂದರೆ, ‘ಹೊಸ ಗಾಡಿ, ಓಡಿಸ್ತಾ ಸರಿಹೋಗುತ್ತೆ’ ಎಂಬ ಮಾತಿಗೆ ತಲೆಯಾಡಿಸಬೇಡಿ. ಆಯಿಲ್ ಮಟ್ಟ ನೋಡಿ, ಟ್ಯಾಪೆಟ್ ಸೆಟ್ ಮಾಡಿಸಿ. ಆದರೂ ನಿಲ್ಲದಿದ್ದರೆ ಸದ್ದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಜಾಬ್ ಕಾರ್ಡಿನಲ್ಲಿ ದೂರು ಬರೆಸಿ, ಪ್ರತಿ ಇಟ್ಟುಕೊಳ್ಳಿ. ವಾರಂಟಿ ಮುಗಿದ ಮೇಲೆ ಬಾಯಿಮಾತಿಗೆ ಬೆಲೆಯಿಲ್ಲ.

ಆಯಿಲ್ ಬದಲಿಸುವಾಗ ಎದುರಿಗೇ ನಿಲ್ಲಿ. ಮೊದಲ ಸರ್ವಿಸಿನಲ್ಲಿ ಒಂದಿಷ್ಟು ಲೋಹದ ಪುಡಿ ಸಹಜ. ಆಮೇಲೂ ಆಯಿಲ್‌ನಲ್ಲಿ ಪುಡಿ ಮಿನುಗುತ್ತಿದ್ದರೆ ಹೆಡ್ ಬಿಚ್ಚಿಸಿ ನೋಡಿ. ಡೀಲರ್ ಕೈಚೆಲ್ಲಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.